ಭಾವನ ಕಿವಿ ಮತ್ತು ನನ್ನ ಆನ್‌ಲೈನ್ ಪಾಂಡಿತ್ಯ

ಹಿಂದೆ ಮೋಸ ಹೋಗಬೇಕಾದರೆ ನಾವೇ ಬಸ್ ಹತ್ತಿ ಸಂತೆಗೆ ಹೋಗಬೇಕಿತ್ತು. ಈಗ ಆ ಖರ್ಚು ಉಳಿದಿದೆ. ಮೋಸವೇ ಮನೆ ಬಾಗಿಲಿಗೆ ಬಂದು, "ಸಾರ್, ಪಾರ್ಸೆಲ್" ಅಂತ ಗೌರವದಿಂದ ಕರೆಯುತ್ತದೆ. ಶಿವಮೊಗ್ಗದ ನಮ್ಮ ವಿದ್ಯಾನಗರದಲ್ಲಾಗಲಿ, ನಮ್ಮಕ್ಕ ಇರುವ ಭದ್ರಾವತಿಯ ಕಾಗದನಗರದಲ್ಲಾಗಲಿ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಡೆದಾಗೆಲ್ಲ ಜನ ನನ್ನ ಹತ್ತಿರವೇ ಬರುತ್ತಾರೆ. ಯಾಕೆ ಅಂತ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ: ಆನ್‌ಲೈನ್ ವ್ಯವಹಾರದಲ್ಲಿ ನನ್ನಷ್ಟು ತಿಳಿದವನು ತುಂಗೆಯಿಂದ ಭದ್ರೆಯವರೆಗೆ ಇನ್ನೊಬ್ಬನಿಲ್ಲ.

ಈಗ ಹೇಳಲು ಹೊರಟಿರುವುದರಲ್ಲಿ ನಗುವ ವಿಷಯ ಕಡಿಮೆ, ಗಂಭೀರವಾದದ್ದೇ ಹೆಚ್ಚು. ಯಾಕೆಂದರೆ ಇದರಲ್ಲಿ ನಮ್ಮ ಭಾವನ ಕಿವಿ ಇದೆ.

ಭಾವನೂ ನಾನೂ ಒಂದೇ ಕಾಗದದ ಕಾರ್ಖಾನೆಯಲ್ಲಿ, ಒಂದೇ ಮೆಷಿನ್‌ನಲ್ಲಿ ದುಡಿದವರು. ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಮೆಷಿನ್ ಓಡುವಾಗ ಕೂಗಿದರೂ ಕೇಳುವುದಿಲ್ಲ, ಅದಕ್ಕೆ ಅಲ್ಲಿ ಎಲ್ಲವೂ ಕೈ ಸನ್ನೆ. ಬೆರಳನ್ನು ಗಾಳಿಯಲ್ಲಿ ಸುತ್ತಿದರೆ 'ಶುರು ಮಾಡು'. ಎರಡೂ ಕೈಯನ್ನು ತಲೆ ಮೇಲೆ ಕತ್ತರಿ ಹಾಕಿದರೆ 'ನಿಲ್ಲಿಸು'. ಹೆಬ್ಬೆರಳನ್ನು ಬಾಯಿಗೆ ಹಿಡಿದರೆ 'ಟೀ ಬಂತು'. ಇಡೀ ಉದ್ಯೋಗ ಈ ಭಾಷೆಯಲ್ಲೇ ಮುಗಿಯಿತು. ನಾನು ಕೈ ಎತ್ತಿದರೆ ಮೆಷಿನ್ ತಾನೇ ನಿಲ್ಲುತ್ತಿತ್ತು ಅಂತ ಕೆಲವರು ಹೇಳುತ್ತಾರೆ. ನಾನು ಅದನ್ನು ಅಲ್ಲಗಳೆಯಲು ಹೋಗಿಲ್ಲ.

ರಿಟೈರಾದ ಮೇಲೆ ಭಾವನ ಕಿವಿಯೂ ರಿಟೈರಾಯಿತು. ಅವರ ಅಪ್ಪ, ದೊಡ್ಡಪ್ಪ ಎಲ್ಲರಿಗೂ ಹಾಗೇ ಆಗಿತ್ತಂತೆ. ನನಗೇನೂ ತೊಂದರೆಯಾಗಲಿಲ್ಲ, ಮದುವೆ ಮನೆಯಲ್ಲಿ ನಾನು ಆ ಮೂಲೆ, ಅವರು ಈ ಮೂಲೆ, ಕೈಯಲ್ಲೇ ಮಾತು. ತೊಂದರೆ ಅಕ್ಕನಿಗೆ.

"ನೀವೂ ಆ ಸನ್ನೆ ಕಲೀಬಹುದಲ್ಲ ಅತ್ತಿಗೆ" ಅಂತ ನನ್ನ ಹೆಂಡತಿ ಒಮ್ಮೆ ಕೇಳಿದಳು.

"ಕಲ್ತೆ ಕಣೆ. ಶುರು ಮಾಡು, ನಿಲ್ಲಿಸು, ಟೀ ಬಂತು. ಇಷ್ಟರಲ್ಲಿ ಸಂಸಾರ ಮಾಡಕ್ಕಾಗುತ್ತಾ?"

ಹಾಗಾಗಿ ಅಕ್ಕ ಕೂಗುತ್ತಾಳೆ. ಕ್ವಾರ್ಟರ್ಸ್ ಗೋಡೆಗಳ ಕತೆ ನಿಮಗೆ ಗೊತ್ತಲ್ಲ. ಅವಳು ಭಾವನಿಗೆ "ಉಪ್ಪು ಮುಗಿದಿದೆ" ಅಂತ ಕೂಗಿದರೆ, ಭಾವ ಚಪ್ಪಲಿ ಹುಡುಕುವಷ್ಟರಲ್ಲಿ ಪಕ್ಕದ ಮನೆಯ ತಮಿಳಮ್ಮ ಒಂದು ಬಟ್ಟಲು ಉಪ್ಪು ತಂದು ನಿಂತಿರುತ್ತಾರೆ. ಒಳ್ಳೆಯ ಹೆಂಗಸು. ಆದರೆ ಎಲ್ಲವನ್ನೂ ಉಪ್ಪಿನ ಥರ ಸಾಲಿಗೆಲ್ಲ ಕೂಗಕ್ಕಾಗುತ್ತಾ?

"ಎಷ್ಟು ದಿನ ಆಯ್ತೋ ತಮ್ಮಾ, ಇವರ ಹತ್ರ ಮೆತ್ತಗೆ ಒಂದು ಮಾತಾಡಿ" ಅಂದಳು ಅಕ್ಕ. "ಗಂಡ ಹೆಂಡ್ತಿ ಅಂದ್ಮೇಲೆ ಇಬ್ಬರಿಗೇ ಅಂತ ಒಂದು ಮಾತು ಇರಲ್ವಾ? ನಂಗೆ ಅದೊಂದು ಆಸೆ. ಒಂದು ಕಿವಿ ಮೆಷಿನ್ ಕೊಡಿಸಬೇಕು."

ಅವಳು ಸೀರೆಗೆ ಫಾಲ್ ಹಾಕಿ, ಪಿಕೋ ಮಾಡಿ, ರವಿಕೆ ಹೊಲಿದು ಅದಕ್ಕೆ ಅಂತಲೇ ದುಡ್ಡು ಕೂಡಿಸುತ್ತಿದ್ದಳು. ನಾನು ಎದೆ ಮೇಲೆ ಕೈ ಇಟ್ಟು, "ಅಕ್ಕಾ, ಅದನ್ನ ನಂಗೆ ಬಿಡು" ಅಂದೆ.

ಇಲ್ಲಿಂದ ಮುಂದೆ ನಡೆದದ್ದಕ್ಕೆಲ್ಲ ಈ ಒಂದು ವಾಕ್ಯವೇ ಕಾರಣ.

೧. ಬಾಚಣಿಗೆಯ ಮೆರವಣಿಗೆ

ಮೊದಲು ನನ್ನ ಅರ್ಹತೆ ಏನು ಅಂತ ತಿಳಿಸಿಬಿಡುತ್ತೇನೆ. ಆ ಹೊತ್ತಿಗಾಗಲೇ ನಾನು ನಮ್ಮ ಇಡೀ ರಸ್ತೆಯನ್ನು ಒಂದು ಮೋಸದಿಂದ ಪಾರು ಮಾಡಿದ್ದೆ.

ನಮ್ಮ ರಸ್ತೆಯಲ್ಲಿ ಒಂದು ಪದ್ಧತಿ. ಯಾರದಾದರೂ ಮನೆಗೆ ಬೀಗ ಹಾಕಿದ್ದಾಗ ಪಾರ್ಸೆಲ್ ಬಂದರೆ, ಪಕ್ಕದವರು ದುಡ್ಡು ಕೊಟ್ಟು ತೆಗೆದಿಡಬೇಕು. ಬೇಡ ಅಂತ ವಾಪಸ್ ಕಳಿಸಿದರೆ ಮುಂದಿನ ಹಬ್ಬಕ್ಕೆ ಎಳ್ಳು-ಬೆಲ್ಲ ಬರುವುದಿಲ್ಲ.

ಒಂದು ಮಧ್ಯಾಹ್ನ ಪಾರ್ಸೆಲ್‌ನವನು ಬಂದು, "ಎದುರು ಮನೆ ಬೀಗ ಸಾರ್. ಕ್ಯಾಶ್ ಆನ್ ಡೆಲಿವರಿ, ತಗೊಳ್ತೀರಾ?" ಅಂದ. ಚೀಟಿಯ ಮೇಲೆ ಹೆಸರು ಅರ್ಧ ಅಳಿಸಿತ್ತು. ದುಡ್ಡು ಕೊಟ್ಟು ತಗೊಂಡೆ. ಸಂಜೆ ಎದುರುಮನೆ ಮೇಷ್ಟ್ರು ಬಂದರು. ಅವರಿಗೆ ತಾವು ಏನೂ ಆರ್ಡರ್ ಮಾಡಿದ ನೆನಪಿಲ್ಲ. ಆದರೆ ಹಾಗಂದರೆ ನನಗೆ ಬೇಜಾರಾಗಬಹುದು ಅಂತ ಸುಮ್ಮನೆ ದುಡ್ಡು ಕೊಟ್ಟು ತಗೊಂಡು ಹೋದರು. ಮಹಡಿ ಮನೆಯ ಬಾಡಿಗೆಯವರದ್ದು ಇರಬೇಕು ಅಂತ ಅವರಿಗೆ ಕೊಟ್ಟರು. ಬಾಡಿಗೆಯವರು ಓನರ್ ಹತ್ತಿರ ಇಲ್ಲ ಅನ್ನಕ್ಕಾಗುತ್ತಾ? ದುಡ್ಡು ಕೊಟ್ಟು ತಗೊಂಡರು. ಅಲ್ಲಿಂದ ಮೂಲೆ ಮನೆಗೆ, ಮೂಲೆ ಮನೆಯಿಂದ ಬ್ಯಾಂಕಿನವರ ಮನೆಗೆ. ಎಲ್ಲರೂ ಮರ್ಯಾದಸ್ಥರು, ಒಬ್ಬರೂ ಬಿಚ್ಚಿ ನೋಡಲಿಲ್ಲ. ಬೇರೆಯವರ ಪಾರ್ಸೆಲ್ ಹೇಗೆ ಬಿಚ್ಚುವುದು?

ಕೊನೆಗೆ ಬ್ಯಾಂಕಿನವರು ನಮ್ಮ ಮನೆಗೆ ಬಂದು, "ಇದು ನಿಮ್ಮದಂತೆ ಸಾರ್, ಮೊದಲು ನಿಮ್ಮ ಮನೇಲೇ ನೋಡಿದ್ರಂತೆ" ಅಂದರು. ನಾನು ಇನ್ನೊಮ್ಮೆ ದುಡ್ಡು ಕೊಟ್ಟೆ. ನಮ್ಮದೇ ಆದಮೇಲೆ ಬಿಚ್ಚಬಹುದಲ್ಲ, ಬಿಚ್ಚಿದೆ. ಒಳಗೆ ಒಂದು ಪ್ಲಾಸ್ಟಿಕ್ ಬಾಚಣಿಗೆ.

ಯಾರೂ ಆರ್ಡರ್ ಮಾಡಿರಲಿಲ್ಲ. ಯಾರಾದರೂ ದುಡ್ಡು ಕೊಟ್ಟಾರು ಅಂತ ಸುಮ್ಮನೆ ಕಳಿಸುವವರಿದ್ದಾರಂತೆ. ಲೆಕ್ಕ ನೋಡಿದರೆ ರಸ್ತೆಯಲ್ಲಿ ಎಲ್ಲರಿಗೂ ಅವರವರ ದುಡ್ಡು ವಾಪಸ್ ಬಂದಿತ್ತು, ಕಳೆದುಕೊಂಡವನು ನಾನೊಬ್ಬ. ಅಂದರೆ ಇಡೀ ರಸ್ತೆಯನ್ನು ಒಬ್ಬನೇ ಕಾಪಾಡಿದ್ದೆ. ಅಂದಿನಿಂದ ಮನೆಯವರು ಫೋನಿನಲ್ಲಿ "ಹೌದು, ನಮ್ಮದೇ" ಅನ್ನುವ ತನಕ ಯಾರೂ ಯಾರ ಪಾರ್ಸೆಲ್‌ಗೂ ದುಡ್ಡು ಕೊಡಬಾರದು ಅಂತ ನಾನೇ ಕಾನೂನು ಮಾಡಿದೆ.

ನನ್ನ ಹೆಂಡತಿ ಬಾಚಣಿಗೆಯನ್ನೊಮ್ಮೆ, ನನ್ನ ಬೋಳು ತಲೆಯನ್ನೊಮ್ಮೆ ನೋಡಿದಳು.

"ಇಡೀ ರಸ್ತೇಲಿ ಇದು ಬೇಡದೇ ಇರೋ ಮನೆ ಇದೊಂದೇ ಇತ್ತು. ಹುಡುಕ್ಕೊಂಡು ಇಲ್ಲಿಗೇ ಬಂತು."

೨. ಕೆಂಪು ದೀಪದ ಕಿವಿ

ಇಂಥ ಅನುಭವವುಳ್ಳವನು ಕಿವಿ ಮೆಷಿನ್ ಕೊಳ್ಳಲು ಹೊರಟೆ.

ಶಿವಮೊಗ್ಗದಲ್ಲಿ ಅದಕ್ಕೆ ಅಂಗಡಿ ಇದೆ. ಕಿವಿ ಪರೀಕ್ಷೆ ಮಾಡಿ, ಅಳತೆ ನೋಡಿ ಕೊಡುತ್ತಾರೆ. ಆದರೆ ಅವರು ಹೇಳಿದ ರೇಟಿಗೆ ಅಕ್ಕ ಇನ್ನೂ ಒಂದಿಷ್ಟು ಮದುವೆ ಸೀಸನ್ ಪಿಕೋ ಹೊಡೆಯಬೇಕಿತ್ತು. ಅಷ್ಟರಲ್ಲಿ ನನ್ನ ಫೋನಿನಲ್ಲಿ ಒಂದು ಜಾಹೀರಾತು ಬಂತು. ಬಿಳಿ ಕೋಟಿನ ಡಾಕ್ಟರು ಒಬ್ಬ ಅಜ್ಜನ ಕಿವಿಗೆ ಏನೋ ಸಿಕ್ಕಿಸುತ್ತಾನೆ, ಅಜ್ಜ ಎದ್ದು ಕುಣಿಯುತ್ತಾನೆ. ಅಂಗಡಿಯ ರೇಟಿನ ಮುಂದೆ ಇದು ಕಡ್ಲೆಕಾಯಿ. ಕೆಳಗೆ ಗಡಿಯಾರ ಓಡುತ್ತಿದೆ, 'ಇನ್ನು ಹತ್ತೇ ನಿಮಿಷ, ಎರಡೇ ಪೀಸು' ಅಂತ.

"ನಿನ್ನೆಯೂ ಹತ್ತೇ ನಿಮಿಷ ಇತ್ತಲ್ರೀ" ಅಂದಳು ಹೆಂಡತಿ.

"ನಿನ್ನೆಯದು ನಿನ್ನೆ ಮುಗೀತು. ಇದು ಇವತ್ತಿನ ಹತ್ತು ನಿಮಿಷ."

"ಹೇಗಿದೆ ಅಂತ ಕೊಂಡೋರು ಯಾರಾದ್ರೂ ಬರೆದಿದ್ದಾರಾ? ವಾಪಸ್ ತಗೋತಾರಾ? ಅಡ್ರೆಸ್ ಎಲ್ಲಿದೆ?"

ಹೆಂಗಸರಿಗೆ ಹತ್ತು ನಿಮಿಷದ ಬೆಲೆ ಗೊತ್ತಾಗುವುದಿಲ್ಲ. ನಾನು ಕಾಗದನಗರಕ್ಕೆ ಫೋನ್ ಮಾಡಿ, ಭಾವನ ಫೋನಿನಿಂದಲೇ ಅಕ್ಕನ ಕೈಯಲ್ಲಿ ದುಡ್ಡು ಹಾಕಿಸಿದೆ. ಗಡಿಯಾರದಲ್ಲಿ ಇನ್ನೇನು ಸೊನ್ನೆ ಬೀಳಬೇಕು, ಅಷ್ಟರಲ್ಲಿ ಗೆದ್ದೆ.

ಪಾರ್ಸೆಲ್ ಬಂದ ದಿನ ನಾನೂ ಹೆಂಡತಿಯೂ ಅಲ್ಲೇ ಇದ್ದೆವು. ಅಕ್ಕ ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಬಿಚ್ಚಿದಳು. ನಾನೇ ಭಾವನ ಕಿವಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಕೆಂಪು ದೀಪ ಹೊತ್ತಿಕೊಂಡಿತು.

ಅಕ್ಕ ಬಾಗಿಲ ಹತ್ತಿರ ಹೋಗಿ ನಿಂತು, ಸೆರಗು ಸರಿ ಮಾಡಿಕೊಂಡು, ತುಂಬ ಮೆತ್ತಗೆ, "ರೀ" ಅಂದಳು.

ಭಾವ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು.

"ರೀ" ಅಂದಳು ಇನ್ನೊಂದು ಸಲ.

ಭಾವ ನನ್ನ ಕಡೆ ತಿರುಗಿ ಹೆಬ್ಬೆರಳು ಬಾಯಿಗೆ ಹಿಡಿದು, ಟೀ ಯಾವಾಗ ಅಂತ ಕೇಳಿದರು.

ಅಕ್ಕ ಒಳಗೆ ಹೋಗಿ ಟೀ ಇಟ್ಟಳು. ಒಲೆ ಮುಂದೆ ನಿಂತು ಕಣ್ಣು ಒರೆಸಿಕೊಂಡಿದ್ದು ನನಗೆ ಕಾಣಿಸಿತು. ನನಗೆ ಕಂಡಿದ್ದು ಅವಳಿಗೆ ಗೊತ್ತಾಗಬಾರದು ಅಂತ ನಾನು ಆ ಮೆಷಿನ್ನನ್ನು ಬಿಚ್ಚಿ ನೋಡತೊಡಗಿದೆ. ಒಳಗೆ ಒಂದು ಸಣ್ಣ ಬ್ಯಾಟರಿ, ಒಂದು ದೀಪ, ಅಷ್ಟೇ. ಜಾಹೀರಾತು ಹುಡುಕಿದೆ. ಡಾಕ್ಟರೂ ಇಲ್ಲ, ಅಜ್ಜನೂ ಇಲ್ಲ, ಗಡಿಯಾರವೂ ಇಲ್ಲ.

ಆದರೂ ಪೂರ್ತಿ ನಷ್ಟ ಅನ್ನಕ್ಕಾಗಲ್ಲ. ಕರೆಂಟ್ ಹೋದಾಗ ಭಾವನ ಕಿವಿ ಎಲ್ಲಿದೆ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು.

೩. ಕಾಗದ ಸುಳ್ಳು ಹೇಳಲ್ಲ

ಅಕ್ಕ ಮತ್ತೆ ಹೊಲಿಗೆ ಮೆಷಿನ್ ಮುಂದೆ ಕೂತಳು. ಈ ಸಲ ಅಂಗಡಿಯಲ್ಲೇ ಕೊಳ್ಳುವುದು, ತಮ್ಮನ ಕೈಗೆ ಕೊಡುವುದಿಲ್ಲ ಅಂತ ತೀರ್ಮಾನ. ದುಡ್ಡು ಸಿಕ್ಕ ಹಾಗೆ ಭಾವನ ಖಾತೆಗೆ ಹಾಕುತ್ತಿದ್ದಳು.

ಒಂದು ಭಾನುವಾರ ಭಾವ ಒಂದು ಲಕೋಟೆ ಹಿಡಿದುಕೊಂಡು ಬಾಗಿಲಲ್ಲೇ ನನಗೋಸ್ಕರ ಕಾಯುತ್ತಿದ್ದರು. ಆ ಕಿವಿ ಮೆಷಿನ್‌ನವರಿಗೆ ಕೊಟ್ಟಿದ್ದ ಅಡ್ರೆಸ್‌ಗೇ ಬಂದಿತ್ತು. ಒಳಗಿನ ಕಾಗದವನ್ನು ಭಾವ ನನ್ನ ಕೈಗಿಟ್ಟರು. ಮುಟ್ಟಿದ ತಕ್ಷಣ ಇಬ್ಬರ ಮುಖವೂ ಅರಳಿತು.

ಕಾಗದ ಮಾಡಿದವರ ಕಷ್ಟ ಬೇರೆಯವರಿಗೆ ಗೊತ್ತಾಗಲ್ಲ. ನಾನು ಅದನ್ನು ಗಾಳಿಯಲ್ಲಿ ಪಟಪಟ ಅನ್ನಿಸಿದೆ. ಸದ್ದು ಗಟ್ಟಿ. ಭಾವ ಕಿಟಕಿ ಬೆಳಕಿಗೆ ಹಿಡಿದರು. ಎಲ್ಲೂ ಮೋಡ ಮೋಡ ಇಲ್ಲ, ಹಾಲಿನ ಹಾಗೆ ಒಂದೇ ಸಮ. ನಾನು ಅಂಚಲ್ಲಿ ಚೂರು ಹರಿದು ನಾರು ನೋಡಿದೆ. ಭಾವ ನಾಲಿಗೆ ತುದಿಗೆ ಮುಟ್ಟಿಸಿದರು. ನಾನು 'ಹೇಗೆ' ಅಂತ ಹುಬ್ಬು ಹಾರಿಸಿದೆ. ಅವರು ಎರಡು ಬೆರಳು ಸೇರಿಸಿ ತೋರಿಸಿದರು, ಮೊದಲ ದರ್ಜೆ. ಇಂಥ ಹಾಳೆ ನಮ್ಮ ಕೈಯಿಂದ ಇಳಿದ ದಿನ ಕ್ಯಾಂಟೀನಿನಲ್ಲಿ ಸ್ವೀಟ್ ತಿನ್ನುತ್ತಿದ್ದೆವು.

"ಏನ್ ಬರೆದಿದೆ ಅದ್ರಲ್ಲಿ?" ಅಂತ ಅಕ್ಕ ಒಳಗಿಂದ ಕೇಳಿದಳು.

ನಾವಿಬ್ಬರೂ ಇನ್ನೂ ಓದಿರಲಿಲ್ಲ.

ಓದಿದೆ. ಆನ್‌ಲೈನ್‌ನಲ್ಲಿ ಸಾಮಾನು ಕೊಂಡ ಅದೃಷ್ಟವಂತರಲ್ಲಿ ಭಾವನೂ ಒಬ್ಬರು, ಅವರಿಗೆ ಒಂದು ಕಾರು ಬಂದಿದೆ, ನೋಂದಣಿ ಖರ್ಚು ಕಳಿಸಿದರೆ ಕಾರು ಮನೆಗೆ ಬರುತ್ತದೆ. ಅಕ್ಕ ಅಭ್ಯಾಸದಂತೆ ಭಾವನಿಗೆ ಕೂಗಿದಳು, "ನಿಮಗೆ ಕಾರು ಬಂದಿದೆಯಂತೆ ರೀ!"

ಭಾವ 'ಹಾಂ' ಅನ್ನುವ ಮೊದಲೇ ತಮಿಳಮ್ಮ ಬಾಗಿಲಲ್ಲಿದ್ದರು. "ಕಾರ್ ಎಲ್ಲಿ ಅಕ್ಕಾ? ನಾಳೆ ಸಂತೆಗೆ ನಾನೂ ಬರ್ತೀನಿ."

ಅಕ್ಕನಿಗೆ ಮೊದಲಿಂದಲೂ ಅನುಮಾನ. "ಬಂದಿರೋ ಕಾರಿಗೆ ನಾವ್ಯಾಕೋ ದುಡ್ಡು ಕೊಡಬೇಕು? ಅದ್ರಲ್ಲೇ ಹಿಡ್ಕೊಂಡು ಉಳಿದಿದ್ದು ಕೊಡಲಿ."

ನಾನು ಗಂಭೀರವಾಗಿ ಹೇಳಿದೆ, "ಅಕ್ಕಾ, ಇದು ಎಂಥ ಕಾಗದ ಗೊತ್ತಾ? ಇಷ್ಟು ಒಳ್ಳೆ ಹಾಳೆ ಮೇಲೆ ಸುಳ್ಳು ಅಚ್ಚು ಹಾಕಕ್ಕೆ ಯಾರಿಗೆ ಮನಸ್ಸು ಬರುತ್ತೆ?"

ಭಾವನಿಗೆ ನಾನು ಹೇಳಿದ್ದು ಕೇಳಿಸಲಿಲ್ಲ. ಆದರೂ ಕಾಗದ ತೋರಿಸಿ ಜೋರಾಗಿ ತಲೆಯಾಡಿಸಿದರು.

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. ನೋಡಿ ಕಾಗದವನ್ನು ಭಾವನ ಕೈಯಿಂದ ಕಿತ್ತುಕೊಂಡಳು. "ಕಾಗದ ಒಳ್ಳೇದು ಅಂದ್ರಲ್ಲ, ಕಾಗದ ಇಟ್ಕೊಳ್ಳೋಣ. ದುಡ್ಡೂ ಒಳ್ಳೇದೇ, ಅದನ್ನೂ ಇಟ್ಕೊಳ್ಳೋಣ."

ಆ ಹಾಳೆಯನ್ನು ರವಿಕೆಯ ಕುತ್ತಿಗೆ ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಈಗ ಕಾಗದನಗರದಲ್ಲಿ ಯಾವ ಹೆಂಗಸಿನ ರವಿಕೆಯ ಕುತ್ತಿಗೆ ಚೆನ್ನಾಗಿ ಕೂತಿದ್ದರೂ ಅದು ಆ ಕಾರಿನ ಉಪಕಾರ.

೪. ಮೆಷಿನ್ ನಿಲ್ಲಿಸು

ಇಷ್ಟಾದರೂ ನನ್ನ ಮನಸ್ಸು ತಡೆಯಲಿಲ್ಲ. ಕೆಂಪು ದೀಪಕ್ಕೆ ಹೋದ ದುಡ್ಡನ್ನು ವಾಪಸ್ ತಂದು ಅಕ್ಕನ ಕೈಗಿಡಬೇಕು ಅಂತ ಹಟ ಹಿಡಿದೆ. ನೆಟ್‌ನಲ್ಲಿ 'ಕಸ್ಟಮರ್ ಕೇರ್' ಅಂತ ಹುಡುಕಿದೆ. ಮೊದಲನೇ ಸಾಲಲ್ಲೇ ನಂಬರ್ ಸಿಕ್ಕಿತು. ಯಾರು ಬೇಕಾದರೂ ತಮ್ಮ ನಂಬರನ್ನು ಅಲ್ಲಿ ಹಾಕಿಕೊಳ್ಳಬಹುದು ಅನ್ನುವ ವಿಷಯ ಆಮೇಲೆ ತಿಳಿಯಿತು. ಆಗ ಮಾತ್ರ, ಇಡೀ ಇಂಡಿಯಾ ಹುಡುಕುತ್ತಿರುವ ನಂಬರನ್ನು ನಾನು ಒಂದೇ ಏಟಿಗೆ ಹಿಡಿದೆ ಅಂತ ಬೀಗಿದೆ.

ಅಲ್ಲಿದ್ದವನು ಬಹಳ ಮರ್ಯಾದೆಯ ಮನುಷ್ಯ. "ತುಂಬಾ ಸಾರಿ ಸಾರ್. ರೀಫಂಡ್ ಇವತ್ತೇ ಆಗುತ್ತೆ. ದುಡ್ಡು ಯಾರ ಖಾತೆಯಿಂದ ಹೋಗಿತ್ತೋ ಅವರ ನಂಬರ್ ಕೊಡಿ" ಅಂದ. ಭಾವನ ನಂಬರ್ ಕೊಟ್ಟೆ. ಖಾತೆಯಲ್ಲಿ ಆಗ ಅಂಗಡಿಯ ಕಿವಿ ಮೆಷಿನ್‌ಗೆ ಸಾಕಾಗುವಷ್ಟು ದುಡ್ಡು ತುಂಬಿತ್ತು. ಅದಷ್ಟೂ ಅಕ್ಕನ ಸೂಜಿ ಚುಚ್ಚಿದ ಬೆರಳಿನ ದುಡ್ಡು.

ಮಾರನೇ ದಿನ ಬೆಳಿಗ್ಗೆ ಅಕ್ಕನ ಫೋನಿನಿಂದ ನನಗೆ ವೀಡಿಯೋ ಕಾಲ್ ಬಂತು. ಆ ಕ್ವಾರ್ಟರ್ಸ್ ಒಳಗೆ ಸಿಗ್ನಲ್ ಸಿಗುವುದಿಲ್ಲ, ಎಲ್ಲ ಕಾಲೂ ಗೋಡೆ ಮೇಲಿನ ವೈಫೈ ಡಬ್ಬಿಯಿಂದಲೇ ಆಗಬೇಕು. ಅಕ್ಕ ತನ್ನ ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿದ್ದಳು. ಚಿತ್ರದಲ್ಲಿ ಭಾವ ಕುರ್ಚಿ ಮೇಲೆ, ಅವರ ಕೈಯಲ್ಲಿ ಅವರ ಫೋನು, ಸ್ಪೀಕರಿನಲ್ಲಿ ಆ ರೀಫಂಡಿನವನು. ಹಿಂದೆ ಗ್ರೈಂಡರ್‌ನಲ್ಲಿ ದೋಸೆ ಹಿಟ್ಟು ತಿರುಗುತ್ತಿತ್ತು.

"ದುಡ್ಡು ಬರ್ತಾ ಇದೆ ಕಣೋ ತಮ್ಮಾ! ನಿನ್ನ ದೆಸೆಯಿಂದ! ನೋಡು ಅಂತ ಮಾಡ್ದೆ" ಅಂದಳು ಅಕ್ಕ.

ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿ ಆನಂದದಿಂದ ನೋಡುತ್ತಾ ಕೂತೆ. ಅವನು ಹೇಳುವುದು ಭಾವನಿಗೆ ಕೇಳುವುದಿಲ್ಲ. ಅಕ್ಕ ಒಂದೊಂದನ್ನೂ ಕೂಗಿ ಹೇಳುತ್ತಿದ್ದಳು.

"ಆಗಲೇ ಹಾಕ್ಕೊಂಡ್ರಲ್ಲ, ಆ ಆಪ್ ತೆಗೀಬೇಕಂತೆ ರೀ! ನಿಮ್ಮ ಫೋನಲ್ಲಿ ಇರೋದೆಲ್ಲ ಅವರಿಗೆ ಕಾಣುತ್ತಂತೆ!"

"ಹಾಂ?"

"ಕಾಣುತ್ತಂತೆ ರೀ! ಒಂದು ಓಟಿಪಿ ಬರುತ್ತಂತೆ! ಅದನ್ನ ಯಾರಿಗೂ ಹೇಳಬಾರದಂತೆ! ಅವರಿಗೆ ಮಾತ್ರ ಹೇಳಬೇಕಂತೆ!"

ಗುಟ್ಟಾಗಿಡಬೇಕು ಅನ್ನುವ ಆ ಮಾತು ಕಾಗದನಗರದ ಆ ಸಾಲಿನ ಕೊನೆಯ ಮನೆಯವರೆಗೂ ಕೇಳಿಸಿತು. ಸ್ಪೀಕರಿನಲ್ಲಿ ಅವನು, "ಮೇಡಂ, ಮೆತ್ತಗೆ, ಮೇಡಂ, ಮೆತ್ತಗೆ" ಅಂತ ಅಂಗಲಾಚುತ್ತಿದ್ದ.

"ಮೆತ್ತಗೆ ಹೇಳೋ ಹಾಗಿದ್ರೆ ಆ ಮೆಷಿನ್ ಯಾಕೆ ಕೊಳ್ತಿದ್ವಿ?" ಅಂತ ಅಕ್ಕ ಅವನಿಗೂ ಕೂಗಿದಳು. ಮತ್ತೆ ಭಾವನ ಕಡೆ ತಿರುಗಿ, "ಈಗ ನಿಮ್ಮ ಪಿನ್ ಒತ್ತಬೇಕಂತೆ ರೀ! ಒತ್ತಿದ್ರೆ ದುಡ್ಡು ಬರುತ್ತಂತೆ!"

ನನ್ನ ಹಿಂದೆ ಬೀನ್ಸ್ ಬಿಡಿಸುತ್ತಾ ನಿಂತಿದ್ದ ಹೆಂಡತಿ, "ರೀ, ನಮಗೆ ಬರೋ ದುಡ್ಡಿಗೆ ನಾವ್ಯಾಕೆ ಪಿನ್ ಒತ್ತಬೇಕು? ಪಿನ್ ಒತ್ತೋದು ಕೊಡೋವಾಗ ಅಲ್ವಾ?" ಅಂದಳು.

ನನಗೂ ಅದೇ ಕ್ಷಣದಲ್ಲಿ ಅದೇ ಹೊಳೆದಿತ್ತು. ಅವಳು ಸ್ವಲ್ಪ ಮುಂಚೆ ಬಾಯಿ ಬಿಟ್ಟಳು, ಅಷ್ಟೇ.

"ಅಕ್ಕಾ, ಬೇಡ! ಒತ್ತಬೇಡಿ!" ಅಂತ ಕಿರುಚಿದೆ. ಗ್ರೈಂಡರ್ ಸದ್ದು, ಅವಳದೇ ಕೂಗು, ಸ್ಪೀಕರಿನವನ ಗೋಳು. ಹಿಟ್ಟಿನ ಡಬ್ಬಕ್ಕೊರಗಿದ ನಾನು ಯಾರ ಲೆಕ್ಕಕ್ಕೂ ಇರಲಿಲ್ಲ. ಭಾವ ಕನ್ನಡಕ ಏರಿಸಿ, ತೋರುಬೆರಳು ಚಾಚಿ ಒಂದು ಅಂಕಿ ಒತ್ತಿದರು. ಹುಡುಕಿ ಇನ್ನೊಂದು ಒತ್ತಿದರು.

ಆಗ ನನ್ನ ಕೈಗಳು ತಾವಾಗಿಯೇ ಮೇಲೆದ್ದವು. ಎದ್ದು ನಿಂತು, ಎರಡೂ ಕೈಯನ್ನು ತಲೆ ಮೇಲೆ ಕತ್ತರಿ ಹಾಕಿದೆ.

ಮುಂದಿನ ಅಂಕಿ ನೆನಪು ಮಾಡಿಕೊಳ್ಳಲು ಭಾವ ತಲೆ ಎತ್ತಿದರು. ಡಬ್ಬದ ಕಡೆ ಕಣ್ಣು ಹೋಯಿತು.

ಆ ಸನ್ನೆ ಕಂಡ ಮೇಲೆ ನಮ್ಮವರು ಯಾಕೆ, ಏನು ಅಂತ ಕೇಳುವುದಿಲ್ಲ. ಕೇಳುವಷ್ಟರಲ್ಲಿ ಯಾರದೋ ಕೈ ರೋಲರ್ ಒಳಗಿರಬಹುದು. ಭಾವ ಫೋನನ್ನು ಕೆಳಗೆ ಹಾಕಿ, ಆ ವಯಸ್ಸಿನಲ್ಲಿ, ಆ ಮಂಡಿನೋವಿನಲ್ಲಿ ಹಾರಿ ಎದ್ದು ಬಾಗಿಲ ಪಕ್ಕದ ಮೇನ್ ಸ್ವಿಚ್ ಎಳೆದೇಬಿಟ್ಟರು.

ಗ್ರೈಂಡರ್ ನಿಂತಿತು. ಫ್ಯಾನ್ ನಿಂತಿತು. ವೈಫೈ ಡಬ್ಬಿ ಸತ್ತಿತು. ರೀಫಂಡಿನವನೂ ಸತ್ತ. ನನ್ನ ಫೋನಿನಲ್ಲಿ ಅಕ್ಕನ ಬಿಟ್ಟ ಬಾಯಿ ಹಾಗೇ ನಿಂತು, ಆಮೇಲೆ ಅದೂ ಹೋಯಿತು.

ಮತ್ತೆ ಕಾಲ್ ಮಾಡಿದರೆ ಸಿಗಲಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಭದ್ರಾವತಿಗೆ ಹೊರಟೆ. ಸಾಮಾನ್ಯವಾಗಿ ದಾರಿಯುದ್ದಕ್ಕೂ ನನ್ನ ಪ್ರತಾಪ ಹೇಳಿಕೊಂಡು ಹೋಗುವವನು, ಅವತ್ತು ಬರೀ ಹಾರ್ನ್ ಹೊಡೆದುಕೊಂಡು ಹೋದೆ. ಕರೆಂಟ್ ಹಾಕಿದ ಮೇಲೆ ಅವನು ಮತ್ತೆ ಕಾಲ್ ಮಾಡಿ ಮೂರನೇ ಅಂಕಿ ಒತ್ತಿಸಿಕೊಂಡಿದ್ದನಾ, ನಾಲ್ಕನೇದೂ ಒತ್ತಿಸಿಕೊಂಡಿದ್ದನಾ? ಅಕ್ಕನ ಮುಖ ಹೇಗೆ ನೋಡುವುದು? ಹೆಂಡತಿ ಬೈಯದೇ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಹೋಗಿ ನೋಡಿದರೆ ಅರ್ಧ ಸಾಲು ಅಕ್ಕನ ಮನೆ ಮುಂದೆ ಸೇರಿತ್ತು. ಭಾವ ಮೇನ್ ಸ್ವಿಚ್‌ಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, ಕಾವಲು ನಿಂತಿದ್ದರು. ಅಕ್ಕ ಹಿಟ್ಟಿನ ಕೈಯಲ್ಲೇ ಕೂಗುತ್ತಿದ್ದಳು.

"ಹಿಟ್ಟು ಅರ್ಧ ಅರೆದು ನಿಂತಿದೆ ಕಣೋ! ಆನ್ ಮಾಡಕ್ಕೆ ಬಿಡ್ತಾ ಇಲ್ಲ! ನಾನು ಬೇಡ್ಕೊಂಡೆ, ಇವರೆಲ್ಲ ಬೇಡ್ಕೊಂಡ್ರು!"

ಹೆಂಡತಿ ನೇರ ಒಳಗೆ ಹೋಗಿ ನೆಲದ ಮೇಲಿದ್ದ ಭಾವನ ಫೋನ್ ಎತ್ತಿಕೊಂಡಳು. "ಮೊದಲು ಆ ದರಿದ್ರ ಆಪ್ ತೆಗೀತೀನಿ. ಆಮೇಲೆ ಕರೆಂಟು" ಅಂದಳು. ತೆಗೆದು, ಬೀದಿಯ ತುದಿಗೆ ಹೋಗಿ ಸಿಗ್ನಲ್ ಹಿಡಿದು, ಬ್ಯಾಂಕಿಗೆ ಫೋನ್ ಮಾಡಿ ಎಲ್ಲ ಬಂದ್ ಮಾಡಿಸಿ, ಖಾತೆಯಲ್ಲಿ ಎಷ್ಟಿದೆ ಅಂತ ಕೇಳಿದಳು. ಅಲ್ಲಿಂದಲೇ ಅಕ್ಕನ ಕಡೆ ನೋಡಿ ತಲೆಯಾಡಿಸಿದಳು. ಒಂದು ಪೈಸೆಯೂ ಹೋಗಿರಲಿಲ್ಲ. ಅಕ್ಕ ಹೊಸಲಿನ ಮೇಲೆ ಕೂತುಬಿಟ್ಟಳು. ತಮಿಳಮ್ಮ ಒಂದು ಲೋಟ ನೀರು ತಂದುಕೊಟ್ಟರು.

ಅವತ್ತೇ ಸಂಜೆ ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು. ಅಲ್ಲಿಯ ಅಧಿಕಾರಿ, "ಫೋನ್ ಕಟ್ ಮಾಡಿದ್ರೆ ಸಾಕಿತ್ತಲ್ಲ ಅಜ್ಜಾ, ಮೇನ್ ಯಾಕೆ ತೆಗೆದ್ರಿ?" ಅಂತ ಕೇಳಿದರು. ಭಾವನಿಗೆ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು.

ಆದರೆ ಕರೆಂಟಿನ ವಿಷಯ ಹೇಳುತ್ತಿದ್ದೆ. ಆಪ್ ತೆಗೆದಾಯಿತು, ದುಡ್ಡು ಇದೆ ಅಂತ ಗೊತ್ತಾಯಿತು, ಭಾವ ಮಾತ್ರ ಸ್ವಿಚ್ ಬಿಟ್ಟು ಕದಲಲಿಲ್ಲ.

"ಇನ್ನೂ ಯಾಕೆ ಭಾವ?" ಅಂತ ಕೇಳಿದೆ. ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡರು. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಏನಯ್ಯಾ ಮಾರಾಯ, ಅಷ್ಟು ವರ್ಷ ಕೆಲಸ ಮಾಡಿ ರೂಲ್ಸ್ ಮರೆತುಬಿಟ್ಯಾ? ನಿಲ್ಲಿಸು ಅಂದೋನು ನೀನು. ಶುರು ಅಂತಲೂ ನೀನೇ ಹೇಳಬೇಕು!"

ಅರ್ಧ ಸಾಲು ನೋಡುತ್ತಿದ್ದಂತೆ ನಾನು ನೆಟ್ಟಗೆ ನಿಂತು, ಬೆರಳೆತ್ತಿ ಗಾಳಿಯಲ್ಲಿ ಸುತ್ತಿದೆ. ಭಾವ ಸ್ವಿಚ್ ಹಾಕಿದರು. ಗ್ರೈಂಡರ್ ತಿರುಗಿತು.

೫. ಮೆತ್ತಗೆ ಒಂದು ಮಾತು

ಮರುವಾರವೇ ಶಿವಮೊಗ್ಗದ ಅಂಗಡಿಗೆ ಹೋದೆವು. ನನ್ನ ಫೋನನ್ನು ಹೆಂಡತಿ ತನ್ನ ಬ್ಯಾಗಿನಲ್ಲಿ ಹಾಕಿಕೊಂಡು ಜಿಪ್ ಎಳೆದಿದ್ದಳು.

ಅಲ್ಲಿ ಪರೀಕ್ಷೆ ಮಾಡುವ ಹುಡುಗಿ ಭಾವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗೆಲ್ಲ ಕೈ ಎತ್ತಿ ಅಂತ ಬರೆದು ತೋರಿಸಿದಳು. ಭಾವನಿಗೆ ಸುಮ್ಮನೆ ಕೈ ಎತ್ತಿ ಅಭ್ಯಾಸವಿಲ್ಲ. ಕೀಂ ಅಂದರೆ 'ಶುರು', ಗುಂಯ್ ಅಂದರೆ 'ನಿಲ್ಲಿಸು'. ಹುಡುಗಿ ಗಾಬರಿಯಾಗಿ, "ಅಂಕಲ್‌ಗೆ ಏನೋ ಆಗ್ತಿದೆ" ಅಂತ ಓಡಿ ಬಂದಳು. "ಏನೂ ಇಲ್ಲಮ್ಮ, ಈಗ ಟೀ ಕೇಳ್ತಾ ಇದ್ದಾರೆ" ಅಂತ ನಾನು ಅನುವಾದ ಮಾಡಿದೆ. ಅವತ್ತು ನಾನಿಲ್ಲದಿದ್ದರೆ ಆ ಪರೀಕ್ಷೆಯೇ ನಡೆಯುತ್ತಿರಲಿಲ್ಲ.

ಸಂಜೆ ಕಾಗದನಗರದ ಮನೆ. ಭಾವ ಕುರ್ಚಿ ಮೇಲೆ ಕೂತರು. ಕಿವಿಯಲ್ಲಿ ಹೊಸ ಮೆಷಿನ್. ಇದಕ್ಕೆ ದೀಪವೇ ಇರಲಿಲ್ಲ.

ಭಾವ ಮೊದಲು ಫ್ಯಾನ್ ನೋಡಿದರು. "ಇದು ಇಷ್ಟು ಸದ್ದು ಮಾಡುತ್ತಾ?" ಅಂದರು. ಗೋಡೆಯ ಗಡಿಯಾರ ನೋಡಿದರು. ಅಕ್ಕನ ಬಳೆಯ ಸದ್ದಾದಾಗ ತಿರುಗಿ ಅವಳ ಕೈಯನ್ನೇ ಸುಮಾರು ಹೊತ್ತು ನೋಡಿದರು.

ಅಕ್ಕ ಎದುರಿಗೆ ಬಂದು, "ಕೇಳ್ತಾ ಇದೆಯಾ ರೀ!" ಅಂತ ಕೂಗಿದಳು.

ಭಾವ ಎರಡೂ ಕಿವಿ ಮುಚ್ಚಿಕೊಂಡರು. "ಕೂಗಬೇಡ ಮಾರಾಯ್ತಿ! ಇಲ್ಲೇ ಇದ್ದೀನಲ್ಲ."

ಅಕ್ಕ ಕೈ ಒರೆಸಿಕೊಂಡು, ಕುರ್ಚಿಯ ಪಕ್ಕ ಬಗ್ಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಭಾವನ ಕಿವಿಯಲ್ಲಿ ಏನೋ ಹೇಳಿದಳು.

ಏನು ಅಂತ ನನಗೆ ಗೊತ್ತಿಲ್ಲ. ನಾನು ಎರಡೇ ಮಾರು ದೂರದಲ್ಲಿದ್ದೆ. ತುಂಗೆಯಿಂದ ಭದ್ರೆಯವರೆಗೆ ನನಗೆ ತಿಳಿಯದೇ ಇರುವ ವಿಷಯ ಅಂತ ಇದ್ದರೆ ಅದೊಂದೇ. ಭಾವನ ಮುಖ ಕೆಂಪಾಯಿತು. ಅವರು ಅಕ್ಕನನ್ನು ನೋಡಿ ನಕ್ಕರು, ಅಕ್ಕ ನೆಲ ನೋಡಿ ನಕ್ಕಳು. ಹೆಂಡತಿ ನನ್ನ ತೋಳು ಚಿವುಟಿ, ಹೊರಗೆ ಹೋಗೋಣ ಬನ್ನಿ ಅಂತ ಕಣ್ಣಲ್ಲೇ ಹೇಳಿದಳು.

ನಾವು ಸದ್ದಾಗದ ಹಾಗೆ ಚಪ್ಪಲಿ ಮೆಟ್ಟುತ್ತಿದ್ದೆವು. ಆಗ ಗೋಡೆಯ ಆಚೆಯಿಂದ ತಮಿಳಮ್ಮನ ದನಿ, ತುಂಬ ಆತಂಕದಲ್ಲಿ:

"ಏನಂದ್ರಿ ಅಕ್ಕಾ? ಇಲ್ಲಿ ನಮಗೆ ಯಾರಿಗೂ ಕೇಳಿಸ್ಲಿಲ್ಲ!"